ನಾರ್ಸ್ ದೇವರುಗಳ ಆರಾಧನೆಗೆ ಆಟದಲ್ಲಿ ನಿಯಮ ಬರೆಯುವುದು ಹೇಗೆ?

ವೈಕಿಂಗರ, ಅಂದರೆ ಹಳೆಯ ಸ್ಕ್ಯಾಂಡಿನೇವಿಯಾದ ನಾರ್ಸ್ ಜನರ, ಲೋಕವನ್ನು ಹೋಲುವ ರೋಲ್‌ಪ್ಲೇಯಿಂಗ್ ಗೇಮ್ ಒಂದನ್ನು ಗೆಳೆಯರಿಗಾಗಿ ಬರೆಯುತ್ತಿದ್ದೀರಿ. ಓಡಿನ್, ಥಾರ್, ಫ್ರೇಯಾ ಹೀಗೆ ಒಬ್ಬೊಬ್ಬರಿಗೂ ಒಂದು ಶಕ್ತಿಗಳ ಪಟ್ಟಿ ಮಾಡಿ, ಆಟಗಾರ ಯಾವ ದೇವರನ್ನು ಆರಿಸಿಕೊಂಡರೆ ಆ ಪಟ್ಟಿ ಅವನದು ಎಂದರೆ ಸಾಕೇ ಎಂದು ಕೇಳಿದ್ದೀರಿ. ಆಟ ನಡೆಯಲು ಸಾಕು. ಆದರೆ ಅದು ಹೆಸರು ಬದಲಾಯಿಸಿದ ಕ್ಲೆರಿಕ್ (ದೇವರ ಶಕ್ತಿಯಿಂದ ಮಂತ್ರ ಹಾಕುವ ಪೂಜಾರಿ ಪಾತ್ರ) ಅಷ್ಟೇ ಆಗುತ್ತದೆ, ನಾರ್ಸ್ ಆಗುವುದಿಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಹೆಸರಾಂತ ಆಟವನ್ನು ಆಡಿ ಬಂದವರಿಗೆ ಈ ಅಭ್ಯಾಸ ಅಂಟಿಕೊಂಡೇ ಇರುತ್ತದೆ. ಅದರ 2014ರ ಆಟಗಾರರ ಕೈಪಿಡಿಯ ಕೊನೆಯಲ್ಲಿ ನಾರ್ಸ್ ದೇವರುಗಳಿಗೆ ಖಾತೆ ಹಂಚಿಕೆ ಮಾಡಿಬಿಟ್ಟಿದ್ದಾರೆ: ಓಡಿನ್‌ಗೆ ಜ್ಞಾನ ಮತ್ತು ಯುದ್ಧ, ಲೋಕಿಗೆ ಕಪಟ. ಮೇಲಾಗಿ ಇಷ್ಟದೈವ, ಭಕ್ತಿ, ಶರಣಾಗತಿ ಎಂಬುವು ನಮಗೆ ಹುಟ್ಟಿನಿಂದಲೇ ಬಂದವು. ಅವನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಮ್ಮ ಕಡೆಯದರಲ್ಲಿ ಇದಕ್ಕೆ ಹತ್ತಿರ ಬರುವುದು ಹರಕೆ: ನೀನು ಇಷ್ಟು ನಡೆಸಿಕೊಡು, ನಾನು ಇಷ್ಟು ಒಪ್ಪಿಸುತ್ತೇನೆ. ಓಡಿನ್‌ನ ಮಾತುಗಳೆಂದು ಬಂದಿರುವ ಹಾವಮಾಲ್ ಎಂಬ ಹಳೆಯ ಪದ್ಯದಲ್ಲಿ ಒಂದು ಎಚ್ಚರಿಕೆ ಇದೆ. ಅತಿಯಾಗಿ ಬಲಿ ಕೊಡುವುದಕ್ಕಿಂತ ಏನೂ ಬೇಡದಿರುವುದೇ ಮೇಲು, ಕೊಟ್ಟದ್ದು ಯಾವಾಗಲೂ ಪ್ರತಿಯಾಗಿ ಒಂದನ್ನು ಎದುರುನೋಡುತ್ತದೆ ಎಂದು. ನಿಮ್ಮ ನಿಯಮಗಳಿಗೆ ಇದೇ ಬುಡ. ಕೊಟ್ಟವನು ಕೇಳಬಹುದು, ಪಡೆದವನ ಮೇಲೆ ಸಾಲ ನಿಲ್ಲುತ್ತದೆ, ದೇವರೂ ಇದೇ ಲೆಕ್ಕದೊಳಗೆ ಇದ್ದಾನೆ.

ನನ್ನ ಟೇಬಲ್‌ನಲ್ಲಿ ಇದನ್ನು ಹೀಗೆ ಆಡಿಸುತ್ತೇನೆ. ಬಲಿಯ ಬೆಲೆಗೆ ತಕ್ಕಂತೆ ಆರು ಮುಖದ ದಾಳ: ಬಿಯರ್, ಬೆಣ್ಣೆ, ಕೋಳಿಗೆ 1, ಕುರಿ, ಹಂದಿಗೆ 2, ಎತ್ತು, ಕುದುರೆಗೆ 3. ಎಲ್ಲ ಉರುಳಿಸಿ, ದೊಡ್ಡ ಸಂಖ್ಯೆಯನ್ನು ಮಾತ್ರ ಇಟ್ಟುಕೊಳ್ಳಿ. 6 ಬಂದರೆ ಕೇಳಿದ್ದು ಸಿಕ್ಕಿತು. 4 ಅಥವಾ 5 ಬಂದರೆ ಸಿಕ್ಕಿತು, ಆದರೆ ಒಂದು ಋಣ ಬರೆದುಕೊಳ್ಳಿ. 3 ಅಥವಾ ಅದಕ್ಕಿಂತ ಕಡಿಮೆಯಾದರೆ ಮೌನ. ಕೋಳಿ ಕೊಟ್ಟವನಿಗೆ ಎರಡರಲ್ಲಿ ಒಂದು ಸಲ ಮೌನವೇ ಗತಿ. ಕುದುರೆ ಕೊಟ್ಟರೂ ಎಂಟರಲ್ಲಿ ಒಂದು ಸಲ ದೇವರು ಮಾತಾಡುವುದಿಲ್ಲ. ಆ ಎಂಟನೇ ಒಂದು ಭಾಗವನ್ನು ದಯವಿಟ್ಟು ತೆಗೆಯಬೇಡಿ. ಹಳ್ಳಿಯ ಒಳ್ಳೆಯ ಕುದುರೆ ಹೋಗಿ, ಉತ್ತರವೂ ಬರದೆ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವ ಹೊತ್ತಿನಲ್ಲಿ ಒಳ್ಳೆಯ ಆಟ ಹುಟ್ಟುತ್ತದೆ. ಅದೇ ಋತುವಿನಲ್ಲಿ ಅದೇ ಕೋರಿಕೆಗೆ ಮತ್ತೆ ಬಲಿ ಕೊಟ್ಟರೆ, 1 ತೋರಿಸುವ ಪ್ರತಿ ದಾಳಕ್ಕೂ ಇನ್ನೊಂದು ಋಣ. ‘ಅತಿ’ಗೆ ದಂಡ ಅದು. ಋಣ ಇರುವಷ್ಟು ಕಾಲ ಆಟ ನಡೆಸುವ ಗೇಮ್ ಮಾಸ್ಟರ್ ಯಾವಾಗ ಬೇಕಾದರೂ ಬಂದು ವಸೂಲಿ ಮಾಡಬಹುದು.

ಈ ಋಣವನ್ನು ಕ್ಯಾರೆಕ್ಟರ್ ಶೀಟಿನಲ್ಲಿ (ಒಬ್ಬ ಆಟಗಾರನ ಪಾತ್ರದ ವಿವರದ ಹಾಳೆ) ಬರೆಯಬೇಡಿ, ಮನೆತನದ ಅಥವಾ ಹಳ್ಳಿಯ ಹೆಸರಿನಲ್ಲಿ ಬರೆಯಿರಿ. ಬ್ಲೋಟ್ ಎಂಬ ಬಲಿಪೂಜೆ ಒಬ್ಬನ ಧ್ಯಾನವಲ್ಲ, ಊರಿನ ಊಟ. ಐಸ್‌ಲ್ಯಾಂಡಿನ ಇತಿಹಾಸಕಾರ ಸ್ನೋರಿ ಸ್ಟುರ್ಲುಸನ್ ನಾರ್ವೆಯ ಲಾದೆಯಲ್ಲಿ ನಡೆಯುತ್ತಿದ್ದುದನ್ನು ವರ್ಣಿಸುತ್ತಾನೆ: ರೈತರೆಲ್ಲ ತಮ್ಮ ತಮ್ಮ ಬುತ್ತಿ ತಂದು ಸೇರುತ್ತಾರೆ, ಬಲಿಯ ರಕ್ತವನ್ನು ಬಟ್ಟಲಲ್ಲಿ ಹಿಡಿದು ಕಡ್ಡಿಗಳಿಂದ ಗೋಡೆಗೂ ಜನರಿಗೂ ಚಿಮುಕಿಸುತ್ತಾರೆ, ಮಾಂಸ ಬೇಯಿಸುತ್ತಾರೆ. ಆಮೇಲೆ ಪಾನ. ಮೊದಲ ಬಟ್ಟಲು ರಾಜನ ಗೆಲುವಿಗಾಗಿ ಓಡಿನ್‌ಗೆ, ನಂತರ ಒಳ್ಳೆಯ ಬೆಳೆಗೂ ಶಾಂತಿಗೂ ನ್ಯೋರ್ಡ್ ಮತ್ತು ಫ್ರೇಯರ್‌ಗೆ, ಕಡೆಗೆ ತೀರಿಕೊಂಡ ಬಂಧುಗಳ ನೆನಪಿಗೆ. ಒಂದೇ ರಾತ್ರಿ, ಒಂದೇ ಬೆಂಕಿಯ ಸುತ್ತ, ಮೂವರು ದೇವರು ಮತ್ತು ಸತ್ತ ಅಜ್ಜಂದಿರು. ‘ನಾನು ಥಾರ್‌ನವನು, ಓಡಿನ್ ನನಗೆ ಸಂಬಂಧವಿಲ್ಲ’ ಎನ್ನುವ ಆಟಗಾರನಿಗೆ ಆ ಮನೆಯಲ್ಲಿ ಜಾಗ ಎಲ್ಲಿ?

ಅದೇ ಕಥೆಯಲ್ಲಿ 10ನೇ ಶತಮಾನದ ರಾಜ ಹಾಕೋನ್ ಬರುತ್ತಾನೆ. ಇಂಗ್ಲೆಂಡಿನಲ್ಲಿ ಬೆಳೆದ ಕ್ರೈಸ್ತ. ಬ್ಲೋಟ್‌ನಲ್ಲಿ ಕೊಂಬಿನ ಪಾತ್ರೆಯ ಮೇಲೆ ಶಿಲುಬೆಯ ಗುರುತು ಮಾಡುತ್ತಾನೆ, ರೈತರು ಸಿಡಿಮಿಡಿಗೊಳ್ಳುತ್ತಾರೆ. ಪಕ್ಕದಲ್ಲಿದ್ದ ಸಿಗುರ್ಡ್ ಯಾರ್ಲ್ (ಯಾರ್ಲ್ ಅಂದರೆ ರಾಜನ ಕೆಳಗಿನ ಅಧಿಪತಿ) ತಕ್ಷಣ, ಅದು ಥಾರ್‌ನ ಸುತ್ತಿಗೆಯ ಗುರುತು ಕಣ್ರಪ್ಪಾ ಎಂದು ತೇಪೆ ಹಾಕುತ್ತಾನೆ. ಮರುದಿನ ಕುದುರೆ ಮಾಂಸ ತಿನ್ನು ಎಂಬ ಒತ್ತಾಯ. ರಾಜ ಒಲ್ಲೆ ಎಂದ. ಸಾರು ಕುಡಿ? ಅದೂ ಬೇಡ. ಕೊನೆಗೆ ಹಂಡೆಯ ಜಿಡ್ಡು ಹಿಡಿದ ಹಿಡಿಕೆಗೆ ಬಟ್ಟೆ ಸುತ್ತಿ, ಅದರ ಮೇಲೆ ಬಾಯಿ ತೆರೆದು ನಿಂತ. ಯಾರಿಗೂ ಸಮಾಧಾನವಾಗಲಿಲ್ಲ. ಇಲ್ಲಿ ಸಿಟ್ಟಾದದ್ದು ದೇವರಲ್ಲ, ರೈತರು. ಹಾಗಾಗಿ ಬ್ಲೋಟ್‌ಗೆ ಬಾರದವನು ಕಳೆದುಕೊಳ್ಳುವುದು ದೈವಕೃಪೆಯ ಪಾಯಿಂಟ್ ಅಲ್ಲ, ಊರಿನಲ್ಲಿರುವ ಮರ್ಯಾದೆಯ ಪಾಯಿಂಟ್. ಆ ಸಿಗುರ್ಡ್‌ನ ಕೆಲಸವನ್ನು ಮಾಡಲು ಮಾತುಗಾರಿಕೆಯ ಒಂದು ಪರೀಕ್ಷೆ ಇಡಿ. ನಿಮ್ಮ ಗುಂಪಿನ ಬಾಯಾಳಿ ಆಟಗಾರ ಅದಕ್ಕೇ ಕಾಯುತ್ತಿರುತ್ತಾನೆ.

ಪೂಜಾರಿ ಎಂಬ ಕ್ಲಾಸ್ (ಪಾತ್ರದ ವರ್ಗ) ಬೇಕೇ? ನನ್ನ ಮಟ್ಟಿಗೆ ಬೇಡ. ಐಸ್‌ಲ್ಯಾಂಡಿನಲ್ಲಿ ಬಲಿ ನಡೆಸುತ್ತಿದ್ದ ಗೊದಿ ಎಂಬಾತ ಮೊದಲು ಊರ ಮುಖಂಡ, ಆಮೇಲೆ ಅರ್ಚಕ. ಹಿಂಬಾಲಕರು ಅವನನ್ನು ಬಿಟ್ಟು ಇನ್ನೊಬ್ಬ ಗೊದಿಯ ಕಡೆ ಹೋಗಬಹುದಿತ್ತು, ಆದ್ದರಿಂದ ಊಟ ಹಾಕದ ಗೊದಿ ಉಳಿಯುವುದಿಲ್ಲ. ಅವನ ಬಳಿ ಇರುತ್ತಿದ್ದ ಪ್ರಮಾಣದ ಕಡಗವನ್ನು ಮಾತ್ರ ಮರೆಯದೆ ತನ್ನಿ. ಅದರ ಮೇಲೆ ಕೈಯಿಟ್ಟು ಆಡಿದ ಮಾತಿಗೆ ಒಂದು ಹೆಚ್ಚುವರಿ ದಾಳ ಕೊಡಿ, ಮಾತು ಮುರಿದರೆ ಮನೆತನಕ್ಕೇ ಋಣ ಬೀಳಲಿ.

ಇನ್ನು ಓಡಿನ್. ಇವನಿಗೆ ಮಾತ್ರ ಬೇರೆ ನಿಯಮ ಬರೆಯಿರಿ, ಏಕೆಂದರೆ ಇವನು ನಂಬಿದವರನ್ನೇ ನುಂಗುವವನು. ಜ್ಞಾನಕ್ಕಾಗಿ ತನ್ನ ಕಣ್ಣನ್ನೇ ಕೊಟ್ಟವನು. ಈಟಿಯಿಂದ ತಿವಿಸಿಕೊಂಡು ಒಂಬತ್ತು ರಾತ್ರಿ ಮರಕ್ಕೆ ನೇತಾಡಿ ತನ್ನನ್ನು ತನಗೇ ಬಲಿ ಕೊಟ್ಟುಕೊಂಡವನು. ನಿಮಗೆ ರಿಯಾಯಿತಿ ಕೊಡುತ್ತಾನೆಯೇ? ನಾರ್ವೆಯ ರಾಜನಾಗಿದ್ದ ಎರಿಕ್ ಬ್ಲಡ್‌ಆಕ್ಸ್ 954ರಲ್ಲಿ ಸತ್ತ ಮೇಲೆ ಕಟ್ಟಿದ ಪದ್ಯದಲ್ಲಿ, ಅಷ್ಟು ದೊಡ್ಡ ವೀರನಿಗೆ ಗೆಲುವು ತಪ್ಪಿಸಿದ್ದು ಏಕೆ ಎಂದು ಓಡಿನ್‌ನನ್ನೇ ಕೇಳುತ್ತಾರೆ. ಬೂದು ತೋಳ ದೇವರ ಮನೆಯತ್ತ ನೋಡುತ್ತಿದೆ, ಯಾವಾಗ ಮೇಲೆ ಬೀಳುತ್ತದೋ ಗೊತ್ತಿಲ್ಲ ಎಂಬುದು ಉತ್ತರ. ಅಂದರೆ ಆ ತೋಳದ ಎದುರು ದೇವರುಗಳು ಹೋರಾಡುವ ಕೊನೆಯ ಯುದ್ಧಕ್ಕೆ ಅವನಿಗೆ ಒಳ್ಳೆಯ ಯೋಧರು ಬೇಕು, ಒಳ್ಳೆಯವರು ಸಾಯದೆ ಅವನ ಕೈಗೆ ಸಿಗುವುದಿಲ್ಲ.

ಇದನ್ನು ನಿಯಮವಾಗಿಸುವುದು ಸುಲಭ. ಓಡಿನ್‌ಗೆ ಒಪ್ಪಿಸಿಕೊಂಡ ಕ್ಯಾರೆಕ್ಟರ್ ಕಾಳಗದಲ್ಲಿ ಸೋತ ಯಾವ ಉರುಳಿಕೆಯನ್ನಾದರೂ ಗೆಲುವಾಗಿ ತಿರುಗಿಸಬಹುದು, ಬಲಿಯೂ ಬೇಡ, ಕೋರಿಕೆಯೂ ಬೇಡ. ಪ್ರತಿ ಸಲವೂ ಗೇಮ್ ಮಾಸ್ಟರ್ ಒಂದು ಕಪ್ಪು ಬಿಲ್ಲೆಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಡುತ್ತಾನೆ. ಮುಂದೊಂದು ದಿನ, ಅವನಿಗೆ ಬೇಕಾದ ಹೊತ್ತಿಗೆ, ಒಂದೊಂದು ಬಿಲ್ಲೆಗೆ ಒಂದೊಂದು ಗೆಲುವನ್ನು ಸೋಲಾಗಿ ತಿರುಗಿಸುತ್ತಾನೆ. ಬಿಲ್ಲೆಗಳ ರಾಶಿ ಬೆಳೆದಂತೆ ಟೇಬಲ್ ಸುತ್ತ ನಗು ಕಡಿಮೆಯಾಗುವುದನ್ನು ನೋಡಬೇಕು. ಓಡಿನ್‌ಗೆ ಸಾಂಕೇತಿಕ ಬಲಿ ಎಂಬುದೂ ಇಲ್ಲ. ಸ್ಟಾರ್ಕಡ್ ಎಂಬ ವೀರನ ಕಥೆಯಲ್ಲಿ ರಾಜ ವಿಕಾರ್‌ನ ಕೊರಳಿಗೆ ಬರೀ ಕರುವಿನ ಕರುಳು ಸುತ್ತಿ, ಜೊಂಡಿನ ಕಡ್ಡಿಯಿಂದ ಮುಟ್ಟಿ, ಬಲಿಯಾಯಿತು ಎಂದು ನಾಟಕ ಮಾಡುವುದೆಂದು ಮಾತಾಗಿತ್ತು. ಓಡಿನ್‌ಗೆ ಒಪ್ಪಿಸಿದೆ ಎನ್ನುತ್ತಿದ್ದಂತೆ ಕಡ್ಡಿ ಈಟಿಯಾಯಿತು, ಕರುಳು ಗಟ್ಟಿ ಹಗ್ಗವಾಯಿತು. ಜಾಣತನ ತೋರಿಸಲು ಹೋಗುವ ಆಟಗಾರರಿಗೆ ಈ ಕಥೆಯನ್ನು ಮೊದಲೇ ಹೇಳಿಬಿಡಿ, ಆಮೇಲೆ ಮೋಸ ಎಂದು ಕೂಗುವಂತಿಲ್ಲ.

ಥಾರ್ ಇದಕ್ಕೆ ಪೂರ್ತಿ ತದ್ವಿರುದ್ಧ, ನೇರ ಮನುಷ್ಯ. ಹವಾಮಾನ, ಸಮುದ್ರಯಾನ, ಮದುವೆ, ಕಲ್ಲಿನ ಬರಹವನ್ನು ಪವಿತ್ರಗೊಳಿಸುವುದು, ಇವು ಅವನ ಕೆಲಸ. ಡೆನ್ಮಾರ್ಕಿನ ಗ್ಲಾವೆಂಡ್ರುಪ್ ಕಲ್ಲಿನ ಮೇಲೆ ಥಾರ್ ಈ ಅಕ್ಷರಗಳನ್ನು ಪಾವನ ಮಾಡಲಿ ಎಂದೇ ಕೆತ್ತಿದ್ದಾರೆ. ಐಸ್‌ಲ್ಯಾಂಡಿಗೆ ವಲಸೆ ಹೋದ ಥೋರೋಲ್ಫ್ ಎಂಬವನಿಗೆ ಥಾರ್ ಪ್ರೀತಿಯ ಗೆಳೆಯ. ದಡ ಕಾಣುತ್ತಿದ್ದಂತೆ ಅವನು ಮನೆಯ ಎತ್ತರದ ಪೀಠದ ಕಂಬಗಳನ್ನು ಸಮುದ್ರಕ್ಕೆಸೆದು, ಅವು ತೇಲಿ ನಿಂತ ಕಡೆ ನೆಲೆಯೂರಿದ. ಹೀಗೆ ಒಬ್ಬ ದೇವರನ್ನು ‘ಗೆಳೆಯ’ನೆಂದು ಬರೆದುಕೊಳ್ಳಲು ಬಿಡಿ, ಅವನಿಗೆ ಕೊಡುವ ಬಲಿಗೆ ಒಂದು ದಾಳ ಹೆಚ್ಚು. ಆದರೆ ಉಳಿದವರ ಬಾಗಿಲು ಮುಚ್ಚಬೇಡಿ. ಹೆಲ್ಗಿ ಎಂಬ ವಲಸಿಗ ಕ್ರಿಸ್ತನನ್ನು ನಂಬಿದ್ದ, ಸಮುದ್ರಯಾನ ಬಂದರೆ ಥಾರ್‌ನನ್ನು ಕರೆಯುತ್ತಿದ್ದ. ಡೆನ್ಮಾರ್ಕಿನ ಟ್ರೆಂಡ್‌ಗಾರ್ಡೆನ್‌ನಲ್ಲಿ ಸಿಕ್ಕ ಎರಕದ ಅಚ್ಚಿನಲ್ಲಿ ಶಿಲುಬೆಯನ್ನೂ ಥಾರ್‌ನ ಸುತ್ತಿಗೆಯನ್ನೂ ಅಕ್ಕಪಕ್ಕದಲ್ಲೇ ಎರೆಯಬಹುದು. ಅಕ್ಕಸಾಲಿಗನಿಗೆ ಇಬ್ಬರೂ ಗಿರಾಕಿಗಳೇ.

ಫ್ರೇಯರ್‌ನನ್ನು ನೆಲದ ಲೆಕ್ಕದಲ್ಲಿ ಇಡಿ. ಅವನ ಹೊಲದಲ್ಲಿ ರಕ್ತ ಹರಿಸಿದರೆ ಮನೆತನಕ್ಕೆ ಋಣ, ಬೇಟೆಯೋ ಕೊಲೆಯೋ ಎಂದು ಅವನು ಕೇಳುವುದಿಲ್ಲ. ಫ್ರೇಯಾಳ ಪಾಲಿಗೆ ಬರುವುದು ಸೇಯ್ದ್ ಎಂಬ ಮಾಟ ಮತ್ತು ಭವಿಷ್ಯ ಹೇಳುವುದು. ಇದನ್ನು ಒಬ್ಬರೇ ಮಾಡುವ ಸ್ಪೆಲ್ (ಮಂತ್ರ) ಮಾಡಿದರೆ ಕೆಟ್ಟಿತು. ಗ್ರೀನ್‌ಲ್ಯಾಂಡಿನ ಥೋರ್ಬ್ಯೋರ್ಗ್ ಎಂಬ ಕಾಲಜ್ಞಾನಿ ಹಿತ್ತಾಳೆ ಗುಬುಟಿನ ಕೋಲು ಹಿಡಿದು, ಬೆಕ್ಕಿನ ಚರ್ಮದ ಕೈಗವಸು ತೊಟ್ಟು ಬರುತ್ತಾಳೆ, ಕೋಳಿಗರಿ ತುಂಬಿದ ದಿಂಬಿನ ಮೇಲೆ ಕೂರುತ್ತಾಳೆ, ಆದರೆ ಹಾಡು ಗೊತ್ತಿರುವ ಹೆಂಗಸು ಸಿಗುವವರೆಗೆ ಏನೂ ನಡೆಯುವುದಿಲ್ಲ. ಗೊತ್ತಿದ್ದವಳು ಗುಡ್ರಿಡ್ ಒಬ್ಬಳೇ, ಅವಳು ಕ್ರೈಸ್ತಳು, ನಾನು ಹಾಡುವುದಿಲ್ಲ ಎಂದು ಹಟ ಹಿಡಿದು ಕೊನೆಗೆ ಹಾಡುತ್ತಾಳೆ. ಆದ್ದರಿಂದ ಸೇಯ್ದ್‌ಗೆ ಇನ್ನೊಬ್ಬ ಆಟಗಾರ ಜೊತೆಗೂಡಲೇಬೇಕು, ಅದೂ ಮನಸ್ಸಿಲ್ಲದವನಾದರೆ ಇನ್ನೂ ಚೆನ್ನ. ಗಂಡಸು ಸೇಯ್ದ್ ಮಾಡಿದರೆ ಆ ಕಾಲದಲ್ಲಿ ಅವಮಾನ. ಅದನ್ನು ಆಟಕ್ಕೆ ತರಬೇಕೋ ಬೇಡವೋ ಎಂದು ನಿಮ್ಮ ಗುಂಪಿನವರನ್ನೇ ಕೇಳಿ ತೀರ್ಮಾನಿಸಿ. ನರಬಲಿಯ ವಿಷಯದಲ್ಲೂ ಅಷ್ಟೇ.

ಲೋಕಿಯ ಭಕ್ತನಾಗುತ್ತೇನೆ ಎಂದು ಒಬ್ಬನಾದರೂ ಬಂದೇ ಬರುತ್ತಾನೆ, ಸಿನಿಮಾದ ಪ್ರಭಾವ. ಲೋಕಿಗೆ ಪೂಜೆ ನಡೆಯುತ್ತಿತ್ತು ಎನ್ನಲು ಗಟ್ಟಿ ಆಧಾರವಿಲ್ಲ. ನಾನು ಅವನನ್ನು ಕಥೆಯೊಳಗಿನ ಪಾತ್ರವಾಗಿ ಮಾತ್ರ ಬಿಡುತ್ತೇನೆ, ದಾಳ ಕೊಡುವುದಿಲ್ಲ. ಅದರ ಬದಲು ಉಲ್ ಎಂಬ ದೇವರನ್ನು ನೋಡಿ: ಕಥೆಗಳಲ್ಲಿ ಹೆಚ್ಚೇನೂ ಬರುವುದಿಲ್ಲ, ಆದರೆ ಸ್ವೀಡನ್, ನಾರ್ವೆಗಳ ಊರ ಹೆಸರುಗಳಲ್ಲಿ ತುಂಬಿದ್ದಾನೆ. ನಿಮ್ಮ ಕಲ್ಪನೆಗೆ ಖಾಲಿ ಬಿದ್ದ ಜಾಗ ಅದು.

ಚಿಕ್ಕ ದೈವಗಳನ್ನೂ ಬಿಡಬೇಡಿ, ದಿನನಿತ್ಯದ ಆಟ ಅಲ್ಲೇ ಇರುವುದು. ಐಸ್‌ಲ್ಯಾಂಡಿನ ಹಳೆಯ ಕಾನೂನಿನ ಪ್ರಕಾರ ಹಡಗಿನ ಬಾಯಿ ತೆರೆದ ಪ್ರಾಣಿತಲೆಯನ್ನು ನೆಲ ಕಾಣುವ ಮೊದಲೇ ಕಳಚಬೇಕಿತ್ತು, ಇಲ್ಲದಿದ್ದರೆ ನೆಲದ ದೈವಗಳು ಬೆದರುತ್ತವೆ. ಸುಮಾರು 1018ರ ಹೊತ್ತಿಗೆ ಸಿಗ್ವಾಟ್ ಎಂಬ ಕವಿ ಸ್ವೀಡನ್ನಿನಲ್ಲಿ ರಾತ್ರಿ ತಂಗಲು ಜಾಗ ಕೇಳಿದರೆ, ಒಳಗೆ ಎಲ್ಫ್ ಎಂಬ ಚಿಕ್ಕ ದೈವಗಳಿಗೆ ಬಲಿ ನಡೆಯುತ್ತಿದೆ ಎಂದು ಬಾಗಿಲಲ್ಲೇ ಓಡಿಸಿದರು. ಮಳೆಯಲ್ಲಿ ನೆನೆದ ನಿಮ್ಮ ಆಟಗಾರರಿಗೂ ಒಮ್ಮೆ ಹಾಗೆ ಮಾಡಿ ನೋಡಿ.

ಆಧಾರಗಳ ಬಗ್ಗೆ ಒಂದು ಮಾತು. ಸ್ನೋರಿ ಬರೆದದ್ದು 13ನೇ ಶತಮಾನದಲ್ಲಿ, ಐಸ್‌ಲ್ಯಾಂಡ್ ಕ್ರೈಸ್ತವಾಗಿ ಎರಡು ಶತಮಾನ ಕಳೆದ ಮೇಲೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ಒಂಬತ್ತು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಬಲಿಯ ಬಗ್ಗೆ 1070ರ ದಶಕದಲ್ಲಿ ಬರೆದ ಜರ್ಮನ್ ಪಾದ್ರಿ, ಬ್ರೆಮೆನ್ನಿನ ಆಡಮ್, ಅದನ್ನು ಕಣ್ಣಾರೆ ಕಂಡವನಲ್ಲ. ಹಾಗಾಗಿ ‘ನಿಜವಾದ ವಿಧಿ’ ಯಾವುದು ಎಂದು ತಲೆ ಕೆಡಿಸಿಕೊಳ್ಳದೆ, ಕೊಡು-ಕೊಳ್ಳುವ ಲೆಕ್ಕ ಸರಿಯಿದ್ದರೆ ಉಳಿದದ್ದನ್ನು ಧೈರ್ಯವಾಗಿ ಕಟ್ಟಿ.

ನೀವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ ನಿಯಮಗಳ ಮೇಲೆಯೇ ಇದನ್ನು ಕಟ್ಟುತ್ತಿದ್ದರೆ ಕ್ಲೆರಿಕ್ ಕ್ಲಾಸನ್ನು ತೆಗೆದುಬಿಡಿ. ಗಾಯ ವಾಸಿ ಮಾಡುವ ಸ್ಪೆಲ್‌ಗಳನ್ನು ಗಿಡಮೂಲಿಕೆ ಬಲ್ಲವರಿಗೂ ರೂನ್ (ಹಳೆಯ ನಾರ್ಸ್ ಅಕ್ಷರ) ಕೆತ್ತುವವರಿಗೂ ಹಂಚಿ, ಸತ್ತವರನ್ನು ಎಬ್ಬಿಸುವ ಸ್ಪೆಲ್‌ಗಳನ್ನು ಯಾರಿಗೂ ಕೊಡಬೇಡಿ. ಓಡಿನ್‌ನ ಮಗ ಬಾಲ್ಡರ್ ಸತ್ತಾಗ ಅವನನ್ನು ವಾಪಸ್ ತರಲು ದೇವರುಗಳಿಂದಲೇ ಆಗಲಿಲ್ಲ.