ಕೊಠಡಿ ಒಂದು, ಸಂಸ್ಥೆಗಳು ನಾಲ್ಕು: ಬುಕಿಂಗ್ ತಂತ್ರಾಂಶದ ಕುರಿತ ಪ್ರಶ್ನೆಗಳು

ಪ್ರಶ್ನೆ: ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕು ಸಂಸ್ಥೆಯವರು ಸೇರಿ ಒಂದೇ ತರಬೇತಿ ಕೊಠಡಿಯನ್ನು ಬಳಸುತ್ತೇವೆ. ಬುಕಿಂಗ್ ತಂತ್ರಾಂಶವೂ ಒಂದೇ. ನಮ್ಮ ಸಭೆಯ ವಿಷಯ ಉಳಿದವರಿಗೆಲ್ಲ ಕಾಣುತ್ತದೆ. ಒಮ್ಮೊಮ್ಮೆ ಒಂದೇ ಹೊತ್ತಿಗೆ ಇಬ್ಬರಿಗೆ ಬುಕಿಂಗ್ ಆಗಿಬಿಡುತ್ತದೆ. ಬೇರೆ ಬೇರೆ ತಂತ್ರಾಂಶ ಹಾಕಿಸಿಕೊಳ್ಳಬಹುದೇ ಸರ್?

ಉತ್ತರ: ಬೇಡ. ಕೋಲಾರದ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಕಡೆಯಿಂದಲೂ ಪದೇ ಪದೇ ಬರುವ ಈ ಪ್ರಶ್ನೆಯ ಹಿಂದೆ ಸಾಮಾನ್ಯವಾಗಿ ತಂತ್ರಾಂಶ ಮಾರುವವರೇ ಇರುತ್ತಾರೆ. ಕೊಠಡಿ ಒಂದೇ ಆಗಿರುವಾಗ ಅದರ ಲೆಕ್ಕವೂ ಒಂದೇ ಕಡೆ ಇರಬೇಕು. ನಾಲ್ಕು ಕಡೆ ಬರೆದಿಟ್ಟು ಆಮೇಲೆ ತಾಳೆ ನೋಡುತ್ತೇವೆಂದು ಹೊರಟರೆ, ತಾಳೆಯಾಗುವಷ್ಟರಲ್ಲಿ ಇಬ್ಬರೂ ಬಾಗಿಲ ಮುಂದೆ ನಿಂತಿರುತ್ತಾರೆ. ಬೇರ್ಪಡಿಸಬೇಕಾದದ್ದು ವಿವರಗಳನ್ನು ಮಾತ್ರ. ಪ್ರತಿ ದಾಖಲೆಗೂ ಸಂಸ್ಥೆಯ ಗುರುತು ಅಂಟಿರಬೇಕು; ಅನ್ಯ ಸಂಸ್ಥೆಯವರಿಗೆ ‘ಬುಕ್ ಆಗಿದೆ’ ಎಂಬುದಷ್ಟೇ ಹೋಗಬೇಕು. ಪರದೆಯ ಮೇಲೆ ಮರೆಮಾಡಿದರೆ ಸಾಲದು, ವಿವರ ಸರ್ವರ್‌ನಿಂದಲೇ ಹೊರಡಬಾರದು.

ಇನ್ನು ಡಬಲ್ ಬುಕಿಂಗ್. ಸರ್ವರ್ ದೊಡ್ಡದು ಮಾಡಿದರೆ ಇದು ನಿಲ್ಲುತ್ತದೆ ಎನ್ನುವವರ ಮಾತಿಗೆ ದುಡ್ಡು ಸುರಿಯಬೇಡಿ. ತಂತ್ರಾಂಶ ಮೊದಲು ‘ಖಾಲಿ ಇದೆಯೇ’ ಎಂದು ನೋಡಿ, ಆಮೇಲೆ ಬರೆಯುತ್ತದೆ. ಆ ಎರಡರ ನಡುವೆ ಇನ್ನೊಬ್ಬರೂ ನೋಡಿದರೆ ಅವರಿಗೂ ಖಾಲಿಯೇ ಕಾಣುತ್ತದೆ. ಸರ್ವರ್ ಎಷ್ಟು ವೇಗವಾದರೂ ಆ ಸಂದು ಕಿರಿದಾಗುತ್ತದೆಯೇ ಹೊರತು ಮುಚ್ಚುವುದಿಲ್ಲ. ಅವಧಿಗಳು ಒಂದರ ಮೇಲೊಂದು ಬಿದ್ದರೆ ಬರೆಯಲು, ದಾಖಲೆಗಳನ್ನು ಇಟ್ಟುಕೊಳ್ಳುವ ಡೇಟಾಬೇಸೇ ಒಪ್ಪಬಾರದು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಇದಕ್ಕೆಂದೇ ‘ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್’ ಎಂಬ ಏರ್ಪಾಡು 2010ರ 9.0 ಆವೃತ್ತಿಯಿಂದಲೂ ಇದೆ. ನಿಮ್ಮ ತಂತ್ರಾಂಶದವರು ಅದನ್ನು ಅಥವಾ ಅದಕ್ಕೆ ಸಮನಾದದ್ದನ್ನು ಬಳಸಿದ್ದಾರೆಯೇ ಎಂದು ಕೇಳಿ. ಬಾಯಿಮಾತನ್ನು ನಾನಂತೂ ನಂಬುವುದಿಲ್ಲ. ಎರಡು ಸಂಸ್ಥೆಯ ಇಬ್ಬರನ್ನು ಕೂರಿಸಿ, ಎರಡು ಮೊಬೈಲ್‌ಗಳಲ್ಲಿ ಒಂದೇ ಅವಧಿಗೆ ಒಟ್ಟಿಗೆ ಬಟನ್ ಒತ್ತಿಸಿ, ಹೀಗೆ ಹಲವು ಸಲ ಮಾಡಿಸಿ. ಪ್ರತಿ ಸಲವೂ ಒಬ್ಬರಿಗೆ ನಿರಾಕರಣೆ ಬರಲೇಬೇಕು. ಆದರೆ 10ರಿಂದ 11, 11ರಿಂದ 12 ಎಂಬ ಎರಡು ಬುಕಿಂಗ್‌ಗಳನ್ನು ತಂತ್ರಾಂಶ ತಕರಾರಿಲ್ಲದೆ ಒಪ್ಪಬೇಕು. ಮುಗಿಯುವ ಗಳಿಗೆಯನ್ನೂ ಅವಧಿಯೊಳಗೆ ಸೇರಿಸಿ ಲೆಕ್ಕ ಹಾಕುವ ಅರೆಬರೆ ತಂತ್ರಾಂಶಗಳು ಇಲ್ಲಿಯೇ ಎಡವುತ್ತವೆ.

ಪ್ರಶ್ನೆ: ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದು ಹಾಕಿದರೆ ಸಾಲದೇ?

ಉತ್ತರ: ಸಾಲದು; ಅದು ಯಾವ ಬುಕಿಂಗನ್ನೂ ತಿರಸ್ಕರಿಸುವುದಿಲ್ಲ.

ಪ್ರಶ್ನೆ: ಕ್ಲೌಡ್‌ನಲ್ಲಿಟ್ಟರೆ ನಮ್ಮ ಮಾಹಿತಿ ಸೋರುವುದಿಲ್ಲವೇ?

ಉತ್ತರ: ಆ ಚಿಂತೆಗೆ ಮೊದಲು, ಕೆಲಸ ಬಿಟ್ಟುಹೋದವರ ಲಾಗಿನ್‌ಗಳನ್ನು ಮುಚ್ಚಿಸಿ.