ಆರು ಸಾವಿರದಲ್ಲಿ ಆಫೀಸ್ ಬಟ್ಟೆ ಆಗುತ್ತಾ ಅಕ್ಕಾ?

ಪ್ರಶ್ನೆ: ಅಕ್ಕಾ, ನಮ್ಮೂರು ರಾಣೆಬೆನ್ನೂರು, ಬಿ.ಕಾಂ ಮುಗಿಸಿದೀನಿ. ಮುಂದಿನ ತಿಂಗಳು ಬೆಂಗಳೂರಲ್ಲಿ ಒಂದು ಆಡಿಟ್ ಆಫೀಸಿಗೆ ಸೇರ್ಬೇಕು, ಸಂಬಳ 18,000, ಪಿಜಿಗೇ ಅರ್ಧ ಹೋಗುತ್ತೆ. ಕಾಲೇಜಿಗೆ ಹಾಕ್ತಿದ್ದ ಲೆಗ್ಗಿಂಗ್ಸು, ಮಾಸಿದ ಟಾಪು ಬಿಟ್ರೆ ನನ್ಹತ್ರ ಏನಿಲ್ಲ. ಇಂಟರ್‌ವ್ಯೂ ದಿನ ಅಲ್ಲಿದ್ದ ಹುಡುಗೀರ್ನ ನೋಡಿ ಒಂಥರಾ ಕುಗ್ಗಿಹೋದೆ. ಅಪ್ಪ ಬಟ್ಟೆಗೆ ಅಂತ 6,000 ಕೊಟ್ಟಿದಾರೆ, ಅದರ ಮೇಲೆ ಕೇಳೋಕೆ ಮನಸ್ಸಿಲ್ಲ. ಫ್ರೆಂಡ್ಸ್ ಎಲ್ಲ ಬೆಂಗಳೂರಿಗೆ ಹೋದ್ಮೇಲೆ ತಗೋ ಅಂತಾರೆ, ಅವ್ವ ಟ್ರಂಕಿನಲ್ಲಿರೋ ಇಳಕಲ್ ಸೀರೆ ತಗೊಂಡ್ಹೋಗು ಅಂತಾಳೆ. ಏನ್ಮಾಡ್ಲಿ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಕೆಲಸ ಸಿಕ್ಕಿದ್ದು ಕೇಳಿ ತುಂಬಾ ಖುಷಿ ಆಯ್ತು ಕಣಮ್ಮ. ಆ ಕುಗ್ಗೋದು ನಂಗೂ ಗೊತ್ತು. ನಾನು ಮೊದಲನೇ ಕೆಲಸಕ್ಕೆ ಸೇರೋವಾಗ ಬಸ್‌ಸ್ಟ್ಯಾಂಡ್ ಪಕ್ಕದ ಒಂದು ಅಂಗಡೀಲಿ ಆಫರ್ ಅಂತ ಐದು ಕುರ್ತಾ ಒಟ್ಟಿಗೆ ತಗೊಂಡಿದ್ದೆ, ಎರಡನೇ ಸಲ ಒಗೆಯೋ ಹೊತ್ತಿಗೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿ ಮೂರು ಹಾಳಾದ್ವು, ಉಳಿದೆರಡು ಕಂಕುಳ ಹತ್ರ ಹೊಲಿಗೆ ಬಿಟ್ಕೊಂಡ್ವು, ಸಂಬಳ ಇನ್ನೂ ಬಂದಿರ್ಲಿಲ್ಲ, ಬೆಳಿಗ್ಗೆ ಏಳಕ್ಕೆ ಸೂಜಿ ದಾರ ಹಿಡ್ಕೊಂಡು ಅತ್ತಿದ್ದು ಇವತ್ತಿಗೂ ನೆನಪಿದೆ. ಅದಕ್ಕೇ ಹೇಳ್ತೀನಿ, ಬೆಂಗಳೂರಿಗೆ ಬಂದು ತಗೋಬೇಡ, ಊರಲ್ಲೇ ಹೊಲಿಸ್ಕೊಂಡು ಬಾ. ನಿಮ್ಮೂರ ಟೈಲರ್‌ಗೆ ನಿನ್ನ ಅಳತೆ ಗೊತ್ತಿರುತ್ತೆ, ಸರಿಯಾಗಿಲ್ಲ ಅಂದ್ರೆ ಮತ್ತೆ ಹೋಗಿ ಕೂತು ಸರಿಮಾಡಿಸ್ಕೋಬಹುದು, ಮಜೂರಿನೂ ಇಲ್ಲಿಗಿಂತ ಕಮ್ಮಿ ಬೀಳುತ್ತೆ.

ಆ ಹುಡುಗೀರು ಚೆನ್ನಾಗಿ ಕಂಡಿದ್ದು ದುಬಾರಿ ಬಟ್ಟೆಯಿಂದ ಅಂತ ನೀನು ಅಂದ್ಕೊಂಡಿರ್ತೀಯ. ನಾನು ಇಷ್ಟು ವರ್ಷದಲ್ಲಿ ನೋಡಿದ್ದು ಅಂದ್ರೆ ಕಣ್ಣಿಗೆ ಬೀಳೋದು ಫಿಟ್ಟಿಂಗು. ಭುಜದ ಹೊಲಿಗೆ ಸರಿಯಾಗಿ ಭುಜದ ಮೂಳೆ ತುದಿಗೆ ಬಂದು ನಿಲ್ಲಬೇಕು, ಅದು ಒಂದಿಂಚು ಕೆಳಗಿಳಿದ್ರೆ ಎರಡು ಸಾವಿರದ ಕುರ್ತಾನೂ ಯಾರದ್ದೋ ಕಡ ತಂದು ಹಾಕ್ಕೊಂಡಂಗೆ ಕಾಣುತ್ತೆ. ಟೈಲರ್‌ಗೆ ಇನ್ನೆರಡು ಮಾತು ಹೇಳು: ಸೈಡಲ್ಲಿ ಒಂದಿಂಚು ಬಟ್ಟೆ ಒಳಗೆ ಬಿಡ್ಲಿ, ಪಿಜಿ ಊಟಕ್ಕೆ ದಪ್ಪ ಆಗ್ತೀಯೋ ಸಣ್ಣ ಆಗ್ತೀಯೋ ಗೊತ್ತಿಲ್ಲ, ಬಿಚ್ಚಿ ಹೊಲಿಸೋಕೆ ಆಗುತ್ತೆ. ಮತ್ತೆ ಪ್ರತಿ ಕುರ್ತಾಗೂ ಸೈಡ್ ಪಾಕೆಟ್ ಇಡಿಸು. ಆಡಿಟ್ ಕೆಲಸ ಅಂದ್ರೆ ಸ್ಟಾಕ್ ಎಣಿಸೋಕೆ ಗೋಡೌನಿಗೂ ಕಳಿಸ್ತಾರೆ, ಕೈಯಲ್ಲಿ ಲಿಸ್ಟು ಪೆನ್ನು ಇರುತ್ತೆ, ಫೋನ್ ಎಲ್ಲಿಡ್ತೀಯ?

ಈಗ ದುಡ್ಡಿನ ವಿಷಯ. ಪ್ಯಾಂಟ್ ಎರಡೇ ಸಾಕು, ಒಂದು ಕಪ್ಪು, ಒಂದು ನೇವಿ ಬ್ಲೂ, ಅದಕ್ಕೆ 1,400 ಇಟ್ಕೋ. ಕುರ್ತಾ ಮೂರು, ಬಟ್ಟೆ ಮಜೂರಿ ಎಲ್ಲ ಸೇರಿ ಒಂದಕ್ಕೆ 750 ಅಂದ್ರೂ 2,250. ಮೂರೂ ಎರಡು ಪ್ಯಾಂಟಿಗೂ ಹೊಂದಬೇಕು, ಆಗ ಆರು ಜೊತೆ ಆಯ್ತಲ್ಲ, ಸೋಮವಾರದಿಂದ ಶನಿವಾರ ಕಳೆಯುತ್ತೆ. ಚಪ್ಪಲಿಗೆ 1,000, ಇಲ್ಲಿ ಮಾತ್ರ ಜಿಪುಣತನ ಮಾಡ್ಬೇಡ, ಹಿಂದೆ ಪಟ್ಟಿ ಇರೋ ಗಟ್ಟಿ ಸೋಲಿನ ಕಪ್ಪು ಚಪ್ಪಲಿ ತಗೋ, ದಿನಾ ಬಸ್ಸು ಹತ್ತಿ ಇಳಿಯೋ ಕಾಲು ಅದು. ಅಲ್ಲಿ ಇಲ್ಲಿ ಸಣ್ಣಪುಟ್ಟದ್ದಕ್ಕೆ 350 ಹಿಡಿ. ಉಳಿದ 1,000 ಮುಟ್ಟಲೇಬೇಡ, ಆಫೀಸಲ್ಲಿ ಎರಡು ವಾರ ಕೂತು ಅಲ್ಲಿಯವರು ಏನು ಹಾಕ್ತಾರೆ, ಏಸಿ ಎಷ್ಟು ಚಳಿ ಅಂತ ನೋಡ್ಕೊಂಡು ಆಮೇಲೆ ತೋಳಿಲ್ಲದ ಒಂದು ಜಾಕೆಟ್ಟೋ ಇನ್ನೊಂದು ಕುರ್ತಾನೋ ತಗೋ. ಕಂತಿನಲ್ಲಿ ಕೊಡ್ತೀವಿ ಅನ್ನೋ ಆ್ಯಪ್‌ಗಳ ಹತ್ರ ಮಾತ್ರ ಹೋಗ್ಬೇಡ ಕಣಮ್ಮ, ಮೊದಲ ಸಂಬಳ ಬರೋ ಮುಂಚೆನೇ ಸಾಲ ಯಾಕೆ.

ಬಟ್ಟೆ ಆರಿಸೋವಾಗ ಒಂದು ಮೂಲೆ ಮುಷ್ಟೀಲಿ ಹಿಡಿದು ಹತ್ತು ಎಣಿಸೋವರೆಗೂ ಹಿಸುಕಿ ಬಿಡು. ಗೆರೆಗೆರೆಯಾಗಿ ಹಂಗೇ ನಿಂತ್ರೆ ಬಸ್ಸಲ್ಲಿ ಒಂದು ಗಂಟೆ ಕೂತು ಇಳಿಯೋ ಹೊತ್ತಿಗೆ ಏನಾಗುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಬೆಳಕಿಗೆ ಹಿಡಿ, ಅಡ್ಡ ಹಿಡಿದ ಕೈ ಕಂಡ್ರೆ ಲೈನಿಂಗ್ ಬೇಕಾಗುತ್ತೆ, ಅದರ ಖರ್ಚು ಬೇರೆ. ಒದ್ದೆ ಮಾಡಿದ ಬಿಳಿ ಕರ್ಚೀಫಲ್ಲಿ ಉಜ್ಜಿ ನೋಡು, ಬಣ್ಣ ಹತ್ತಿದ್ರೆ ಬಿಟ್ಟು ಬಾ, ಅಂಗಡಿಯವರು ಮುಖ ಸಿಂಡರಿಸಿದ್ರೂ ಪರವಾಗಿಲ್ಲ. ಪನ್ನಾ, ಅಂದ್ರೆ ಬಟ್ಟೆ ಅಗಲ, 44 ಇಂಚು ಇದ್ರೆ ಎರಡೂವರೆ ಮೀಟರ್ ಸಾಕು, 36 ಇದ್ರೆ ಜಾಸ್ತಿ ಬೇಕು, ಕೇಳ್ಕೊಂಡೇ ತಗೋ. ಕಾಟನ್ ಆದ್ರೆ ಟೈಲರ್‌ಗೆ ಕೊಡೋ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸು, ಇಲ್ಲಾಂದ್ರೆ ಹೊಲಿಸಿದ್ಮೇಲೆ ಕುಗ್ಗಿ ಕೈತೋಳು ಬಿಗಿಯುತ್ತೆ.

ಇನ್ನು ಅವ್ವನ ಇಳಕಲ್. ಬೇಡ ಅನ್ಬೇಡ! ಕೆಂಪು ಟೋಪ್ ತೆನಿ ಸೆರಗು, ಅಂದ್ರೆ ಕೆಂಪಿನ ಮೇಲೆ ಬಿಳಿ ವಿನ್ಯಾಸ ನೇಯ್ದ ಸೆರಗಿರೋ ಒಂದು ಸೀರೆ, ಗುಳೇದಗುಡ್ಡ ಖಣದ ಕುಪ್ಪಸ, ಆಫೀಸಲ್ಲಿ ಪೂಜೆ ಇದ್ದ ದಿನವೋ ಯಾರೋ ದೊಡ್ಡ ಕ್ಲೈಂಟ್ ಬರೋ ದಿನವೋ ಉಟ್ಕೊಂಡು ಹೋಗು, ಅದಕ್ಕಿಂತ ಗತ್ತಿನ ಉಡುಪು ಆರು ಸಾವಿರಕ್ಕೆ ನಿಂಗೆ ಎಲ್ಲೂ ಸಿಗಲ್ಲ. ಚೆನ್ನಾಗಿರೋ ಸೀರೆ ಕತ್ತರಿಸ್ಬೇಡ. ಅಂಚಿನ ಕೆಳಗೋ ಪಿನ್ ಹಾಕಿದ ಕಡೆಯೋ ಹರಿದ ಹಳೇದು ಒಂದಿದ್ರೆ ಅವ್ವನ್ನ ಕೇಳಿ, ಗಟ್ಟಿ ಇರೋ ಭಾಗ ನೋಡಿ ಒಂದು ಕುರ್ತಾ ಹೊಲಿಸು, ಲೈನಿಂಗ್ ಹಾಕಿಸಿ, ಅಂಚು ತೋಳಿನ ತುದಿಗೆ ಬರೋ ಹಾಗೆ.

ಸೆಪ್ಟೆಂಬರ್ ಬಂತು ಅಂದ್ರೆ ಟ್ಯಾಕ್ಸ್ ಆಡಿಟ್ ಅಂತ ರಾತ್ರಿವರೆಗೂ ಕೂರಿಸ್ತಾರೆ, ಆಗ ಒಗೆಯೋಕೂ ಟೈಮ್ ಇರಲ್ಲ, ಭಾನುವಾರನೇ ಇಡೀ ವಾರದ್ದು ಇಸ್ತ್ರಿ ಮಾಡಿ ಹ್ಯಾಂಗರ್‌ಗೆ ಹಾಕಿಡು. ಗಾಢ ಬಣ್ಣದ್ದು ಉಲ್ಟಾ ಮಾಡಿ ನೆರಳಲ್ಲಿ ಒಣಗಿಸು. ಮೊದಲ ದಿನ ಹೇಗಾಯ್ತು ಅಂತ ನಂಗೆ ಬರೀ, ಕಾಯ್ತಿರ್ತೀನಿ.

ಪ್ರಶ್ನೆ: ಮೇಡಂ, ನನಗೆ 41, ಒಂದು ಸೊಸೈಟೀಲಿ ಗುಮಾಸ್ತ. ನಾಲ್ಕು ಒಳ್ಳೇ ಶರ್ಟಿವೆ, ಬಟ್ಟೆ ಗಟ್ಟಿ ಇದೆ, ಕಾಲರ್ ಮಾತ್ರ ಕುತ್ತಿಗೆ ಹತ್ರ ಸವೆದು ದಾರ ಬಿಟ್ಟಿದೆ. ಹೊಸದು ತಗೊಳ್ಳೋದೇನಾ?
– ಓದುಗರು, ಮದ್ದೂರು

ಉತ್ತರ: ತಗೋಬೇಡಿ ಸಾರ್. ಹಳೇ ಟೈಲರ್ ಯಾರಾದ್ರೂ ಇದ್ರೆ ಹುಡುಕಿ, ಕಾಲರ್ ತಿರುಗಿಸಿ ಹೊಲಿದುಕೊಡಿ ಅನ್ನಿ. ಕಾಲರ್ ಬಿಚ್ಚಿ, ಸವೆದ ಮಗ್ಗುಲು ಅಡಿಗೆ ಹೋಗೋ ಹಾಗೆ ಮಗುಚಿ ಮತ್ತೆ ಹೊಲಿತಾರೆ, ಒಳಗಿದ್ದ ಹೊಸ ಮೈ ಮೇಲೆ ಬರುತ್ತೆ. ಗೆರೆ, ಚೌಕುಳಿ ಇರೋ ಶರ್ಟಾದ್ರೆ ಅಡೀ ಬಟ್ಟೆನೂ ಅದೇ ಇದೆಯಾ ಅಂತ ಮೊದಲು ಎತ್ತಿ ನೋಡಿ, ಕೆಲವು ರೆಡಿಮೇಡಲ್ಲಿ ಒಳಗಡೆ ಬೇರೆ ಬಣ್ಣದ ಬಟ್ಟೆ ಹಾಕಿರ್ತಾರೆ. ನಮ್ಮ ತಂದೆ ಹೀಗೆ ತಿರುಗಿಸಿದ ಒಂದು ಬಿಳಿ ಶರ್ಟನ್ನ ಇನ್ನೂ ನಾಲ್ಕು ವರ್ಷ ಆಫೀಸಿಗೆ ಹಾಕಿದ್ರು.