ಗೆಜ್ಜೆಯಿಲ್ಲದ ಕುಣಿತಕ್ಕೂ ಬೇರುಂಟೇ?

ಪ್ರಶ್ನೆ: ಹನ್ನೊಂದು ವರ್ಷ ಭರತನಾಟ್ಯ ಕಲಿತು, ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ ರಂಗಪ್ರವೇಶವನ್ನೂ ಮಾಡಿದ ನನ್ನ ಮಗಳು ಈಗ ಸಮಕಾಲೀನ ನೃತ್ಯದ ತರಗತಿಗೆ ಸೇರಿದ್ದಾಳೆ. ಅಲ್ಲಿ ಗೆಜ್ಜೆಯಿಲ್ಲ, ಕಥೆಯಿಲ್ಲ, ನೆಲದ ಮೇಲೆ ಹೊರಳುವುದೇ ಹೆಚ್ಚು. ಇದು ಪಶ್ಚಿಮದ ಅನುಕರಣೆಯಲ್ಲವೇ? ಅವಳು ಭರತನಾಟ್ಯವನ್ನೇ ಬಿಟ್ಟುಬಿಡುವಳೋ ಎಂಬ ಭಯ ನನಗೆ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕಿರುತೆರೆಯ ಸ್ಪರ್ಧೆಗಳನ್ನು ನೋಡಿ ಕಲಿಸುವ ತರಗತಿಗಳು ನಮ್ಮ ನಗರದಲ್ಲಿ ಇರುವುದರಿಂದ ನಿಮ್ಮ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ತರಗತಿಗಳಿಂದಲೇ ಇಡೀ ಪ್ರಕಾರವನ್ನು ಅಳೆಯಬಾರದು. ಭಾರತದ ಹೊಸ ನೃತ್ಯ ಹುಟ್ಟಿದ್ದು ಹಳೆಯ ನೃತ್ಯವನ್ನು ಬಲ್ಲವರ ಪ್ರಶ್ನೆಗಳಿಂದ, ಮತ್ತು ಆ ಪ್ರಶ್ನೆಗಳಲ್ಲಿ ಹಲವನ್ನು ಕೇಳಿದ್ದು ನಾವಿರುವ ಈ ಮುಂಬಯಿಯಲ್ಲೇ.

1923ರಲ್ಲಿ ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಅವರೊಂದಿಗೆ ಲಂಡನ್ನಿನಲ್ಲಿ ಕುಣಿದ ನರ್ತಕ ಉದಯಶಂಕರ್, ಮುಂದೆ ಹಿಮಾಲಯದ ಅಲ್ಮೋರಾದಲ್ಲಿ ನೃತ್ಯಕೇಂದ್ರ ತೆರೆದಾಗ ಕರೆಸಿಕೊಂಡದ್ದು ಕಥಕ್ಕಳಿ, ಮಣಿಪುರಿ, ಭರತನಾಟ್ಯಗಳ ಗುರುಗಳನ್ನು. ಅಲ್ಲಿಂದ ಬಂದ ಶಾಂತಿ ಬರ್ಧನ್ 1952ರಲ್ಲಿ ಮುಂಬಯಿಯಲ್ಲಿ ಲಿಟ್ಲ್ ಬ್ಯಾಲೆ ಟ್ರೂಪ್ ಎಂಬ ನೃತ್ಯತಂಡ ಕಟ್ಟಿದರು. ಅವರ 'ರಾಮಾಯಣ'ದಲ್ಲಿ ನರ್ತಕರು ಮುಖವಾಡ ತೊಟ್ಟು, ದಾರದಿಂದ ಎಳೆದಂತೆ ಮೊಣಕೈ, ಕತ್ತು, ಮೊಣಕಾಲುಗಳನ್ನು ಬಿಡಿಬಿಡಿಯಾಗಿ ಅಲುಗಿಸುತ್ತ ಮರದ ಗೊಂಬೆಗಳಾಗಿಯೇ ಕುಣಿಯುತ್ತಿದ್ದರು. ಕಥೆ ನಮ್ಮದು, ಗೊಂಬೆಯಾಟವೂ ನಮ್ಮದು, ಮನುಷ್ಯದೇಹಕ್ಕೆ ಗೊಂಬೆಯ ನಡೆಯನ್ನು ತಂದ ಕಲ್ಪನೆ ಮಾತ್ರ ಹೊಸದು.

ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಉತ್ತರ ನೃತ್ಯ ಸಂಯೋಜಕಿ ಚಂದ್ರಲೇಖಾ. ಎಲ್ಲಪ್ಪ ಪಿಳ್ಳೈ ಅವರಲ್ಲಿ ಭರತನಾಟ್ಯ ಕಲಿತ ಅವರು, 1984ರಲ್ಲಿ ನರೀಮನ್ ಪಾಯಿಂಟಿನ ಕಲಾಕೇಂದ್ರವಾದ ಎನ್‌ಸಿಪಿಎಯಲ್ಲಿ ನಡೆದ ಪೂರ್ವ-ಪಶ್ಚಿಮ ನೃತ್ಯ ಸಮಾವೇಶದಲ್ಲಿ ಕಾಣಿಸಿಕೊಂಡು, ಮರುವರ್ಷವೇ 'ಆಂಗಿಕ'ವನ್ನು ರಂಗಕ್ಕೆ ತಂದರು. ಅದರಲ್ಲಿ ನಾಯಿಕೆಯ ವಿರಹವಾಗಲಿ ದೇವರ ಸ್ತುತಿಯಾಗಲಿ ಮುಖ್ಯವಲ್ಲ, ದೇಹವೇ ವಸ್ತು. ನಿಮ್ಮ ಮಗಳು ದಿನವೂ ಕುಳಿತ ಅರಮಂಡಿಯನ್ನು ನೆನಪಿಸಿಕೊಳ್ಳಿ: ಬೆನ್ನು ನೆಟ್ಟಗೆ, ಮೊಣಕಾಲುಗಳು ಹೊರಕ್ಕೆ, ಮೈಯ ಭಾರವೆಲ್ಲ ನೆಲದ ಕಡೆಗೆ. ಆ ನಿಲುವಿಗೂ ಕೇರಳದ ಸಮರಕಲೆ ಕಳರಿಪಯಟ್ಟಿನ ತಗ್ಗಿದ ನಿಲುವುಗಳಿಗೂ ಯೋಗಾಸನಗಳಿಗೂ ಇರುವ ನಂಟನ್ನು ಚಂದ್ರಲೇಖಾ ರಂಗದ ಮೇಲೆಯೇ ತೋರಿಸಿದರು. ಭರತನಾಟ್ಯದ ಆಳವನ್ನು ಅವರಷ್ಟು ಗಂಭೀರವಾಗಿ ಹುಡುಕಿದವರು ಕಡಿಮೆ ಎಂದೇ ನನ್ನ ನಂಬಿಕೆ.

ಕನ್ನಡಿಗರಾದ ನಮಗೆ ಇದು ತೀರ ಅಪರಿಚಿತವೂ ಅಲ್ಲ. ಶಿವರಾಮ ಕಾರಂತರು ಯಕ್ಷಗಾನದಿಂದ ಮಾತನ್ನು ತೆಗೆದು, ಹಾಡು-ಕುಣಿತಗಳನ್ನೇ ಉಳಿಸಿ, ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನುಗಳನ್ನು ಸೇರಿಸಿ ಬ್ಯಾಲೆ ಕಟ್ಟಿದವರು. ಅರ್ಥಗಾರಿಕೆಯನ್ನು ಪ್ರೀತಿಸುವವರಿಗೆ ಅದು ಸುಲಭವಾಗಿ ಒಪ್ಪುವಂಥದ್ದಲ್ಲ, ನನಗೂ ಮಾತಿಲ್ಲದ ಯಕ್ಷಗಾನ ಅರ್ಧವೇ ಎನಿಸುತ್ತದೆ. ಆದರೂ ಅದನ್ನು ಪರದೇಶದ್ದು ಎನ್ನಲು ಮನಸ್ಸು ಬಾರದು.

ಇನ್ನು ನಿಮ್ಮ ಭಯದ ವಿಚಾರ. ಬಾಲ್ಯದಲ್ಲಿ ಕಥಕ್ ಕಲಿತ ಸಮಕಾಲೀನ ನರ್ತಕ ಅಸ್ತಾದ್ ದೇಬೂ ವಿದೇಶಗಳಲ್ಲಿ ಹೊಸ ನೃತ್ಯವನ್ನು ಅಭ್ಯಾಸ ಮಾಡಿ ಹಿಂದಿರುಗಿದ ಮೇಲೆ, ಗುರು ಇ. ಕೆ. ಪಣಿಕ್ಕರ್ ಅವರ ಬಳಿ ಕಥಕ್ಕಳಿಗೆ ಕುಳಿತರು. ಅವರಿಗೆ ಅದರ ಅಗತ್ಯ ಕಂಡದ್ದು ಹೊಸ ನೃತ್ಯ ಕಲಿತ ನಂತರ ಎಂಬುದನ್ನು ಗಮನಿಸಿ. ಮಗಳಿಗೆ ವಾರಕ್ಕೆರಡು ದಿನವಾದರೂ ಅಡವುಗಳ, ಅಂದರೆ ಭರತನಾಟ್ಯದ ಮೂಲ ಹೆಜ್ಜೆಗಳ, ಅಭ್ಯಾಸ ತಪ್ಪಿಸಬೇಡವೆಂದು ಹೇಳಿ. ಹೊಸ ತರಗತಿಯಲ್ಲಿ ಕಲಿತದ್ದನ್ನೂ ಮನೆಯಲ್ಲಿ, ಸಂಗೀತವಿಲ್ಲದೆ, ನಿಮ್ಮೆದುರು ಒಮ್ಮೆ ಮಾಡಿ ತೋರಿಸಲು ಕೇಳಿ. ಅವಳು ನೆಲದಿಂದ ಏಳುವಾಗ ಮೊಣಕಾಲು ಯಾವ ಕಡೆ ತೆರೆದುಕೊಳ್ಳುತ್ತದೆ, ಬೆನ್ನು ಹೇಗೆ ನೆಟ್ಟಗಾಗುತ್ತದೆ ಎಂಬುದನ್ನು ನೋಡಿ.